ಅಪ್ಪನ ‘ಹಾರುವ ತಟ್ಟೆ’ ಮತ್ತು ಬಜಾರ್ ರಸ್ತೆಯ ನೆಗೆಟಿವ್ ಸ್ಕ್ಯಾನ್ ಸ್ಟುಡಿಯೋ

ಮನೆಯಲ್ಲಿ ಹಳೆಯ ನೆಗೆಟಿವ್ ಇಟ್ಟುಕೊಂಡು, ಎಲ್ಲಿ ಸ್ಕ್ಯಾನ್ ಮಾಡಿಸೋದು ಅಂತ ಯೋಚನೆ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ, ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹಳೆಯ ಫೋಟೋ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಜೆರಾಕ್ಸ್ ಅಂತ ಬೋರ್ಡು ಹಾಕಿದ್ದಾರೆ. ನೆಗೆಟಿವ್ ಸ್ಕ್ಯಾನ್ ಮಾಡುತ್ತಾರೆ ಅಂತ ಎಲ್ಲೂ ಬರೆದಿಲ್ಲ. ಅಂಗಡಿ ಹೆಸರು ಹಾಕಬೇಡಿ ಅಂತ ಮಾಲೀಕರೇ ಕೇಳಿಕೊಂಡರು. “ಮಾಡೋನು ನಾನೊಬ್ಬ, ಜಾಸ್ತಿ ಜನ ಬಂದ್ರೆ ಕೆಲಸ ಕೆಡುತ್ತೆ” ಅಂದರು. ಬಳೆ ಅಂಗಡಿಯ ಗುರುತು ಹೇಳಿದ್ದೇನೆ, ಬೇಕಾದವರು ಹುಡುಕಿಕೊಂಡು ಹೋಗಬಹುದು.

ನಾನು ಅಲ್ಲಿಗೆ ಹೋಗಿದ್ದು ಒಂದೇ ಒಂದು ಫೋಟೋಗೋಸ್ಕರ.

ಅಪ್ಪ ರೇಷ್ಮೆ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. 1986ರ ಮಾರ್ಚ್‌ನಲ್ಲಿ ಹ್ಯಾಲಿ ಧೂಮಕೇತು ನೋಡಲು ಮೂವರು ಸ್ನೇಹಿತರ ಜೊತೆ ನಂದಿ ಬೆಟ್ಟಕ್ಕೆ ಹೋಗಿದ್ದರು. ಎರಡು ಯೆಜ್ಡಿ ಬೈಕು, ಒಂದು ಫ್ಲಾಸ್ಕ್ ಕಾಫಿ. ರಾತ್ರಿಯೆಲ್ಲ ಚಳಿಯಲ್ಲಿ ಕೂತು, ಬೆಳಗಿನ ಜಾವ ಆಗ್ನೇಯ ದಿಕ್ಕಿನಲ್ಲಿ ಮಸುಕಾಗಿ ಧೂಮಕೇತು ಕಂಡಿತು ಅನ್ನುತ್ತಾರೆ. ಸೂರ್ಯ ಹುಟ್ಟಿದ ಮೇಲೆ ಅಪ್ಪ ತಮ್ಮ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಸ್ನೇಹಿತರ ಫೋಟೋ ತೆಗೆದರು. ರೋಲ್ ಮುಗಿಯದೆ ತೊಳೆಸುವ ಅಭ್ಯಾಸ ಆಗ ಇರಲಿಲ್ಲ. ಯುಗಾದಿ, ಮಾವಿನ ಕಾಯಿ, ನನ್ನ ನಾಮಕರಣ ಎಲ್ಲ ಆಗಿ 12 ಫ್ರೇಮ್ ತುಂಬಿದ ಮೇಲೆ ತೊಳೆಸಿದರು. ಪ್ರಿಂಟ್ ಬಂದಾಗ ನೋಡಿದರೆ, ಇಬ್ಬರು ಸ್ನೇಹಿತರ ತಲೆಯ ಮೇಲೆ, ಬಲಗಡೆ ಆಕಾಶದಲ್ಲಿ ಒಂದು ಬೆಳ್ಳನೆಯ ತಟ್ಟೆ.

ಅದು ನಮ್ಮ ಮನೆಯ ಫೋಟೋ ಆಯಿತು. ನೆಂಟರು ಬಂದರೆ ಕಾಫಿ ಜೊತೆ ಆಲ್ಬಂ. ಅಪ್ಪ ಯಾವತ್ತೂ ಬಣ್ಣ ಕಟ್ಟಿ ಹೇಳಲಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. “ಕ್ಲಿಕ್ ಮಾಡುವಾಗ ನನಗೆ ಕಾಣಲಿಲ್ಲ. ಪ್ರಿಂಟ್‌ನಲ್ಲಿ ಕಂಡಿತು. ಏನು ಅಂತ ಗೊತ್ತಿಲ್ಲ.” ನಲವತ್ತು ವರ್ಷದಿಂದ ಇದೇ ಮೂರು ಮಾತು. ಜೊತೆಗೆ ಇನ್ನೊಂದು ಮಾತು ಹೇಳುತ್ತಿದ್ದರು, “ಮೂರು ಜನ ನಿಂತಿದ್ರು.” ಪ್ರಿಂಟ್‌ನಲ್ಲಿ ಇಬ್ಬರೇ ಇದ್ದಾರೆ. ಅದೊಂದು ಮಾತ್ರ ಅಪ್ಪನಿಗೆ ಮರೆತು ಹೋಗಿದೆ ಅಂತ ನಾವೆಲ್ಲ ಸುಮ್ಮನಾಗಿದ್ದೆವು.

ಈ ಫೋಟೋದಿಂದಲೇ ನನಗೆ ಇಂಥ ವಿಷಯ ಓದುವ ಹುಚ್ಚು ಹತ್ತಿದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ರಜೆಯಲ್ಲಿ ಅಮೆರಿಕದ ವಾಯುಪಡೆಯ ‘ಬ್ಲೂ ಬುಕ್’ ಕಡತಗಳನ್ನು ಓದುತ್ತೇನೆ. ಆಕಾಶದಲ್ಲಿ ಏನೋ ಕಂಡಿತು ಅಂತ ಜನ ಕೊಟ್ಟ ದೂರುಗಳನ್ನು ಆ ವಾಯುಪಡೆ ಓಹಿಯೋ ರಾಜ್ಯದ ರೈಟ್-ಪ್ಯಾಟರ್ಸನ್ ನೆಲೆಯಲ್ಲಿ ಕೂತು ಪರೀಕ್ಷೆ ಮಾಡುತ್ತಿತ್ತು. 1948ರಲ್ಲಿ ‘ಸೈನ್’ ಅಂತ ಶುರುವಾಗಿ, ‘ಗ್ರಡ್ಜ್’ ಆಗಿ, 1952ರಲ್ಲಿ ‘ಬ್ಲೂ ಬುಕ್’ ಆಯಿತು. 1969ರ ಡಿಸೆಂಬರ್‌ನಲ್ಲಿ ಮುಚ್ಚಿದರು. ಅಷ್ಟರಲ್ಲಿ ಒಟ್ಟು 12,618 ದೂರು. ಅದರಲ್ಲಿ 701 ಏನು ಅಂತ ಕೊನೆಗೂ ಗೊತ್ತಾಗಲಿಲ್ಲ. ಉಳಿದವು ನಕ್ಷತ್ರ, ಗ್ರಹ, ಬಲೂನು, ವಿಮಾನ, ಹಕ್ಕಿ, ಕೆಲವು ಬೇಕಂತಲೇ ಮಾಡಿದ ಮೋಸ. ಕಡತಗಳು ಈಗ ಅವರ ರಾಷ್ಟ್ರೀಯ ದಾಖಲೆಗಾರದಲ್ಲಿವೆ, ಯಾರು ಬೇಕಾದರೂ ಓದಬಹುದು.

ಆ ಕಡತ ಓದುವಾಗಲೆಲ್ಲ ಅಪ್ಪನ ಫೋಟೋ ನೆನಪಾಗುತ್ತಿತ್ತು. ಇದನ್ನೂ ಯಾರಾದರೂ ಸರಿಯಾಗಿ ನೋಡಬೇಕು ಅನ್ನಿಸುತ್ತಿತ್ತು.

ಸ್ಟುಡಿಯೋ ಬಗ್ಗೆ ಹೇಳುವ ಮುಂಚೆ ಅದಕ್ಕಿಂತ ಮೊದಲು ಹೋಗಿದ್ದ ಅಂಗಡಿಯ ಕಥೆ ಹೇಳಲೇಬೇಕು. ಹೆಸರು ಬೇಡ. ಹಳೆಯ ಫೋಟೋ ಹೊಸದು ಮಾಡಿಕೊಡುತ್ತೇವೆ ಅಂತ ದೊಡ್ಡದಾಗಿ ಬರೆದುಕೊಂಡಿದ್ದರು. ಆಲ್ಬಂನಲ್ಲಿದ್ದ ಪ್ರಿಂಟ್ ಕೊಟ್ಟೆ. ಹುಡುಗ ಅದನ್ನು ಕೌಂಟರ್ ಮೇಲೆ ಇಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದ. ಟ್ಯೂಬ್‌ಲೈಟಿನ ಬೆಳಕು ಪ್ರಿಂಟ್ ಮೇಲೆ ಬಿದ್ದಿದ್ದು ನನಗೇ ಕಾಣುತ್ತಿತ್ತು. ಯಾವುದೋ ಆ್ಯಪ್‌ಗೆ ಹಾಕಿದ. ಹತ್ತು ನಿಮಿಷದಲ್ಲಿ ಎ4 ಅಳತೆಯ ಹೊಳೆಯುವ ಕಾಗದ ಕೈಗೆ ಬಂತು. ಸ್ನೇಹಿತರ ಮುಖ ಮೇಣದ ಗೊಂಬೆ ಹಾಗಾಗಿತ್ತು. ತಟ್ಟೆಯ ಸುತ್ತ ಒಂದು ಸಾಲು ಗುಂಡನೆಯ ಕಿಟಕಿ ಬಂದಿದ್ದವು. ಏಳು ಕಿಟಕಿ. ಎಣಿಸಿದ್ದೇನೆ.

ಸಂಜೆಗೆ ಅದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿತ್ತು. “ನೋಡಿ, ಕಿಟಕಿ ಎಷ್ಟು ಚೆನ್ನಾಗಿ ಕಾಣ್ತಿವೆ” ಅಂತ ಮೈಸೂರಿನ ಚಿಕ್ಕಮ್ಮ. ಅಪ್ಪ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ, “ನಮ್ಮ ಫೋಟೋದಲ್ಲಿ ಕಿಟಕಿ ಇರಲಿಲ್ವಲ್ಲಮ್ಮ” ಅಂದರು. ನನಗೆ ಹೊಟ್ಟೆ ಉರಿದು ಹೋಯಿತು. ನಲವತ್ತು ವರ್ಷ ಒಬ್ಬ ಮನುಷ್ಯ ಒಂದಕ್ಷರ ಜಾಸ್ತಿ ಹೇಳದೆ ಕಾಪಾಡಿಕೊಂಡು ಬಂದ ಚಿತ್ರಕ್ಕೆ ಹತ್ತು ನಿಮಿಷದಲ್ಲಿ ಸುಳ್ಳು ಸೇರಿಸಿಬಿಟ್ಟರು. ಅದೂ 250 ರೂಪಾಯಿ ತಗೊಂಡು.

ಅದಾದ ವಾರಕ್ಕೆ ಸಹೋದ್ಯೋಗಿಯೊಬ್ಬರು ಬಜಾರ್ ರಸ್ತೆಯ ಈ ಸ್ಟುಡಿಯೋ ಹೇಳಿದರು.

ಮೆಟ್ಟಿಲು ಬಹಳ ಕಡಿದು, ಅಪ್ಪನ ಮಂಡಿಗೆ ಆಗದು. ಹಾಗಾಗಿ ಒಬ್ಬಳೇ ಹೋದೆ. ಮಾಲೀಕರಿಗೆ ಅರವತ್ತು ದಾಟಿರಬೇಕು. ಪ್ರಿಂಟ್ ತೋರಿಸಿದೆ. ಕೈಗೇ ತೆಗೆದುಕೊಳ್ಳಲಿಲ್ಲ.

“ನೆಗೆಟಿವ್ ಇದ್ಯಾ ಮೇಡಂ?”

“ಇರಬಹುದು ಸಾರ್, ಹುಡುಕಬೇಕು.”

“ಹುಡುಕಿ. ಈ ಒಂದು ಫ್ರೇಮ್ ಕತ್ತರಿಸಿ ತರಬೇಡಿ. ರೋಲಿಂದು ಎಲ್ಲಾ ತುಂಡೂ ತನ್ನಿ.”

ಅಲ್ಲಿಗೆ ನನಗೆ ನಂಬಿಕೆ ಬಂತು. ಯಾಕೆ ಅಂದರೆ ಈ ಮಾತನ್ನು ನಾನು ಮೊದಲೇ ಓದಿದ್ದೆ. 1950ರ ದಶಕದಲ್ಲಿ ಅಮೆರಿಕದ ವಾಯುಪಡೆ ತನ್ನ ನೆಲೆಗಳಿಗೆಲ್ಲ 200-2 ಅನ್ನುವ ನಿಯಮ ಕಳಿಸಿತ್ತು. ಯಾರಾದರೂ ಆಕಾಶದ ವಸ್ತುವಿನ ಫೋಟೋ ತಂದುಕೊಟ್ಟರೆ ನೆಗೆಟಿವ್ ಮತ್ತು ಎರಡು ಪ್ರಿಂಟ್ ಕಳಿಸಬೇಕು, ಜಾಗ, ಹೊತ್ತು, ತಾರೀಖು ಬರೆದಿರಬೇಕು. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು, ಫಿಲ್ಮ್ ಯಾವುದು, ಶಟರ್ ವೇಗ ಎಷ್ಟು, ಸ್ಟ್ಯಾಂಡ್ ಇತ್ತೋ ಇಲ್ಲವೋ, ಕ್ಯಾಮೆರಾ ಯಾವ ದಿಕ್ಕಿಗೆ ಮುಖ ಮಾಡಿತ್ತು ಅನ್ನುವ ಪ್ರಶ್ನೆಗಳೂ ಇದ್ದವು. ನಮ್ಮ ಮಾಲೀಕರು ಆ ನಿಯಮ ಓದಿದವರಲ್ಲ. ಆದರೂ ಒಂದು ಹಳೆಯ ನೋಟ್‌ಬುಕ್ ತೆಗೆದು ಇವೇ ಪ್ರಶ್ನೆ ಕೇಳಿ ಬರೆದುಕೊಂಡರು. ಡಾರ್ಕ್‌ರೂಮಿನಲ್ಲಿ ಕೆಲಸ ಕಲಿತವರಿಗೆ ಅದು ತಾನಾಗಿ ಬರುತ್ತದೆ ಅಂತ ಕಾಣುತ್ತದೆ.

ನೆಗೆಟಿವ್ ಸಿಕ್ಕಿತು. ಅಟ್ಟದ ಮೇಲೆ ಬಿಸ್ಕತ್ ಡಬ್ಬಿಯಲ್ಲಿ, ನುಸಿಗುಳಿಗೆ ಜೊತೆ, ಬೆಣ್ಣೆ ಕಾಗದದಲ್ಲಿ ಸುತ್ತಿ ಅಮ್ಮ ಇಟ್ಟಿದ್ದರು. ನಾಲ್ಕು ನಾಲ್ಕು ಫ್ರೇಮಿನ ಮೂರು ತುಂಡು. ಕಪ್ಪು ಬಿಳುಪು, 120 ಫಿಲ್ಮು. ಒಂದೊಂದು ಫ್ರೇಮೂ ಚೌಕ, ಹೆಚ್ಚುಕಮ್ಮಿ ಎರಡೂಕಾಲು ಇಂಚು.

ಎರಡನೇ ಸಲ ಹೋದಾಗ ಅವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಬಿಳಿ ಹತ್ತಿ ಗ್ಲೌಸ್ ಹಾಕಿಕೊಂಡರು. ತುಂಡನ್ನು ಲೈಟ್ ಬಾಕ್ಸ್ ಮೇಲೆ ಇಟ್ಟು ಲೂಪ್, ಅಂದರೆ ಫಿಲ್ಮ್ ನೋಡುವ ಚಿಕ್ಕ ಭೂತಗನ್ನಡಿ, ಹಿಡಿದು ಬಾಗಿದರು. ಉಸಿರು ಫಿಲ್ಮ್ ಮೇಲೆ ಬೀಳದ ಹಾಗೆ ಮುಖ ಒಂದು ಕಡೆ ತಿರುಗಿಸಿಕೊಂಡಿದ್ದರು. ಆಮೇಲೆ ತುಂಡನ್ನು ಎತ್ತಿ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಎರಡೂ ಮೈ ನೋಡಿದರು. ಧೂಳಾಗಿದ್ದರೆ ಫಿಲ್ಮಿನ ಮೇಲೆ ಕೂತಿರುತ್ತದೆ, ಓರೆ ಹಿಡಿದಾಗ ಎದ್ದು ಕಾಣುತ್ತದೆ. ತೊಳೆದ ನೀರು ಒಣಗಿದ ಕಲೆಯಾಗಿದ್ದರೆ ಅಂಚಿನಲ್ಲಿ ಗೆರೆ ಇರುತ್ತದೆ. ಲೂಪ್ ನನ್ನ ಕೈಗೆ ಕೊಟ್ಟು, “ಕಾಳು ನೋಡಿ” ಅಂದರು. ಕಾಳು ಅಂದರೆ ಬೆಳ್ಳಿಯ ಕಣ. ತಟ್ಟೆ ನೆಗೆಟಿವ್‌ನಲ್ಲಿ ಕಪ್ಪಗಿತ್ತು, ಸುತ್ತಲಿನ ಆಕಾಶದ ಕಾಳು ಹೇಗಿತ್ತೋ ಅದರೊಳಗೂ ಹಾಗೇ ಇತ್ತು. “ಇದು ಧೂಳಲ್ಲ, ಗೀರಲ್ಲ. ಆವತ್ತೇ ಲೆನ್ಸ್ ಮೂಲಕ ಬಂದ ಬೆಳಕು” ಅಂದರು.

ನನ್ನ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅವರು ಮಾತ್ರ ಅಲ್ಲಿಗೆ ನಿಲ್ಲಿಸಿ, ಸ್ಕ್ಯಾನ್ ಆದ ಮೇಲೆ ಮಾತಾಡೋಣ ಅಂದರು.

ಸ್ಕ್ಯಾನರ್ ಹಳೆಯದು. ಮುಚ್ಚಳದಲ್ಲೂ ದೀಪ ಇರುವ ಫ್ಲಾಟ್‌ಬೆಡ್. ಬಣ್ಣದ ಫಿಲ್ಮಿಗೆ ಸಾಫ್ಟ್‌ವೇರೇ ಧೂಳು ಗುರುತಿಸಿ ತೆಗೆಯುವ ಸೌಲಭ್ಯ ಇದೆಯಂತೆ. ಅದು ಇನ್‌ಫ್ರಾರೆಡ್ ಬೆಳಕಿನಿಂದ ಕೆಲಸ ಮಾಡುತ್ತದೆ. ಕಪ್ಪು ಬಿಳುಪಿನ ಬೆಳ್ಳಿ ಆ ಬೆಳಕನ್ನೂ ತಡೆಯುವುದರಿಂದ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ಅವರು ರಬ್ಬರ್ ಬ್ಲೋಯರ್‌ನಿಂದ ಊದಿ, ಮೆತ್ತನೆಯ ಬ್ರಷ್‌ನಿಂದ ಒಂದೊಂದೇ ಕಣ ತೆಗೆದರು. ಒಂದು ತುಂಡಿಗೆ ಇಪ್ಪತ್ತು ನಿಮಿಷ. ಕಾಲರ್ ಬೆವರಿತ್ತು, ಆದರೆ ಧೂಳೇಳುತ್ತದೆ ಅಂತ ಫ್ಯಾನ್ ಹಾಕಲಿಲ್ಲ.

ಮೊದಲ ಸ್ಕ್ಯಾನ್ ಬಂದಾಗ ಆಕಾಶದಲ್ಲಿ ಬೂದು ಬಣ್ಣದ ಉಂಗುರಗಳು ಕಂಡವು, ಒಂದರೊಳಗೊಂದು, ನೀರಿಗೆ ಕಲ್ಲು ಹಾಕಿದ ಹಾಗೆ. ನಾನು ಗಾಬರಿಯಾದೆ. ಇವು ನ್ಯೂಟನ್ ಉಂಗುರ. ಫಿಲ್ಮ್ ಬಾಗಿ ಗಾಜಿಗೆ ತಾಗಿದಾಗ ನಡುವಿನ ತೆಳು ಗಾಳಿಯ ಪದರದಿಂದ ಆಗುವಂಥದ್ದು. ಪಾಠದಲ್ಲಿ ಇದೆ, ಕಣ್ಣಾರೆ ನೋಡಿದ್ದು ಅವತ್ತೇ. ಅವರು ಆ ಫೈಲನ್ನು ಅಳಿಸಿ, ತುಂಡನ್ನು ಎರಡು ದಪ್ಪ ಪುಸ್ತಕದ ನಡುವೆ ಇಟ್ಟು, ಮೂರು ದಿನ ಬಿಟ್ಟು ಬನ್ನಿ ಅಂದರು. ಅಷ್ಟರಲ್ಲಿ ಮದುವೆ ಸೀಸನ್ ಶುರುವಾಯಿತು, ಮೂರು ದಿನ ಹನ್ನೊಂದು ದಿನ ಆಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ಈ ಸ್ಟುಡಿಯೋ ಬಗ್ಗೆ ನನ್ನ ದೊಡ್ಡ ಅಸಮಾಧಾನ ಇದೇ. ತಡ ಆಗುತ್ತೆ ಅಂತ ಒಂದು ಮೆಸೇಜ್ ಹಾಕಿದ್ದರೆ ಎರಡು ಸಲ ಸುಮ್ನೆ ಹತ್ತಿ ಇಳಿಯುವುದು ತಪ್ಪುತ್ತಿತ್ತು.

ಹನ್ನೊಂದನೇ ದಿನ ಸ್ಕ್ರೀನ್ ಮೇಲೆ ಇಡೀ ಚೌಕ ನೋಡಿದೆ. 3200 ಡಿಪಿಐ, ಅಂದರೆ ಇಂಚಿಗೆ 3200 ಚುಕ್ಕಿ, ಅಡ್ಡ ಏಳು ಸಾವಿರ ಪಿಕ್ಸೆಲ್, ಉದ್ದ ಏಳು ಸಾವಿರ. ಒಂದು ಫೈಲೇ ನೂರು ಎಂಬಿ ಹತ್ತಿರ.

ಎಡಗಡೆ ಮೂರನೆಯವರು ನಿಂತಿದ್ದರು.

ತಲೆಗೆ ಮಫ್ಲರ್, ಕೈಯಲ್ಲಿ ಫ್ಲಾಸ್ಕ್. ಅವರ ಪಕ್ಕದಲ್ಲಿ, ಫ್ರೇಮಿನ ಎಡ ಅಂಚಿಗೆ ಹತ್ತಿರ, ಕೆಳಗೆ ಮಂಜಿನಿಂದ ಆಗಷ್ಟೇ ಎದ್ದ ಸೂರ್ಯ. ಆಗಿನ ಸ್ಟುಡಿಯೋದವರು ಚೌಕದ ನೆಗೆಟಿವನ್ನು ಪೋಸ್ಟ್‌ಕಾರ್ಡ್ ಕಾಗದಕ್ಕೆ ಹೊಂದಿಸಲು ಎಡಭಾಗ ಬಿಟ್ಟುಬಿಟ್ಟಿದ್ದರು. ಸೂರ್ಯನೂ ಹೋಗಿತ್ತು, ಒಬ್ಬ ಸ್ನೇಹಿತರೂ ಹೋಗಿದ್ದರು. ಅಪ್ಪ ಸರಿಯಾಗಿಯೇ ಹೇಳಿದ್ದರು. ತಪ್ಪು ತಿಳಿದವರು ನಾವು.

ಮಾಲೀಕರು ಡ್ರಾಯರಿನಿಂದ ಸ್ಟೀಲ್ ಸ್ಕೇಲ್ ತೆಗೆದರು. ಚೌಕದ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ನಡುವಿನ ಬಿಂದು ಗುರುತಿಸಿದರು. ಸ್ಕೇಲಿನ ಒಂದು ತುದಿ ಸೂರ್ಯನ ಮೇಲೆ ಇಟ್ಟು, ನಡುವಿನ ಬಿಂದುವಿನ ಮೇಲೆ ಹಾಯಿಸಿ, ಸ್ಕ್ರೀನಿಗೆ ಒತ್ತಿ ಹಿಡಿದರು. ಸ್ಕೇಲಿನ ಅಂಚು ಬಲಗಡೆ ಮೇಲೆ ತಟ್ಟೆಯ ಹೊಟ್ಟೆಯನ್ನೇ ಸೀಳಿಕೊಂಡು ಹೋಯಿತು.

ಲೆನ್ಸಿನ ಒಳಗೆ ಬೆಳಕು ಗಾಜಿನ ಒಂದು ಮೈಯಿಂದ ಇನ್ನೊಂದು ಮೈಗೆ ಬಡಿದು ಹಿಂದಿರುಗಿದರೆ ಫಿಲ್ಮ್ ಮೇಲೆ ಒಂದು ಸುಳ್ಳು ಚಿತ್ರ ಮೂಡುತ್ತದೆ. ಅದು ಎಲ್ಲೆಂದರಲ್ಲಿ ಬರುವುದಿಲ್ಲ. ಸೂರ್ಯ ಮತ್ತು ಚಿತ್ರದ ನಡುಬಿಂದು ಸೇರಿಸುವ ಗೆರೆಯ ಮೇಲೇ ಬರುತ್ತದೆ. ಹತ್ತನೇ ಕ್ಲಾಸಿಗೆ ಬೆಳಕಿನ ಪಾಠ ಮಾಡುವ ನನಗೆ ಇದು ಗೊತ್ತಿರುವ ವಿಷಯ. ಆದರೆ ಸೂರ್ಯನನ್ನೇ ಕತ್ತರಿಸಿದ ಪ್ರಿಂಟ್‌ನಲ್ಲಿ ಯಾರಿಗೆ ತಾನೇ ಹೊಳೆಯುತ್ತದೆ?

ಅವರು ಅಷ್ಟಕ್ಕೇ ಒಪ್ಪಲಿಲ್ಲ. “ಒಂದು ಫ್ರೇಮ್ ನೋಡಿ ಹೇಳಬಾರದು” ಅಂತ ಎಂಟನೇ ಫ್ರೇಮ್ ತೆಗೆದರು. ಅಪ್ಪ ಅದನ್ನು ಅದೇ ಜಾಗದಲ್ಲಿ, ಕ್ಯಾಮೆರಾ ಸ್ವಲ್ಪ ಎಡಕ್ಕೆ ತಿರುಗಿಸಿ ತೆಗೆದಿದ್ದರು. ಸೂರ್ಯ ನಡುವಿನ ಕಡೆಗೆ ಸರಿದಿದ್ದ. ಎದುರು ಬದಿಯಲ್ಲಿ, ಆಲ್ಬಂನಲ್ಲಿ ಯಾರೂ ಗಮನಿಸದಷ್ಟು ಮಸುಕಾಗಿ, ತಟ್ಟೆಯೂ ನಡುವಿನ ಕಡೆಗೆ ಸರಿದಿತ್ತು. ಸ್ಕೇಲ್ ಇಟ್ಟರು. ಮತ್ತೆ ಅದೇ ಗೆರೆ.

ಇಡೀ ರೋಲ್ ಯಾಕೆ ಕೇಳಿದರು ಅಂತ ಆಗ ಅರ್ಥವಾಯಿತು. ಬ್ಲೂ ಬುಕ್‌ನಲ್ಲೂ ಇಂಥದ್ದೇ ಒಂದು ಪ್ರಕರಣ ಇದೆ. 1952ರ ಜುಲೈ 16ರಂದು ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಕರಾವಳಿ ಕಾವಲು ಪಡೆಯ ಫೋಟೋಗ್ರಾಫರ್ ಶೆಲ್ ಆಲ್ಪರ್ಟ್ ಕಿಟಕಿಯ ಒಳಗಿನಿಂದ ಒಂದು ಫೋಟೋ ತೆಗೆದ. ಆಕಾಶದಲ್ಲಿ ನಾಲ್ಕು ಹೊಳೆಯುವ ಮುದ್ದೆ. ದೇಶದ ತುಂಬಾ ಸುದ್ದಿಯಾಯಿತು. ಗಾಜಿನಲ್ಲಿ ದೀಪಗಳು ಪ್ರತಿಬಿಂಬಿಸಿದ್ದು ಅನ್ನುವುದು ಕೊನೆಗೆ ವಾಯುಪಡೆ ಬರೆದ ತೀರ್ಮಾನ. ಅಲ್ಲಿ ಕಿಟಕಿ ಗಾಜು, ಇಲ್ಲಿ ಲೆನ್ಸಿನ ಗಾಜು. ಆಲ್ಪರ್ಟ್ ಆಗಲಿ ಅಪ್ಪ ಆಗಲಿ ಸುಳ್ಳುಗಾರರು ಅಂತ ಇದರಿಂದ ಆಗುವುದಿಲ್ಲ, ಅಲ್ವಾ? ಗಾಜಿನ ಮೂಲಕ ಬಂದ ಬೆಳಕು ಹಾಗೆ ಕಂಡಿತು, ಅಷ್ಟೇ.

ಎಲ್ಲ ಫೋಟೋವೂ ಹೀಗೆ ಸ್ಕೇಲಿಗೆ ಸಿಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 1950ರ ಮೇ 11ರ ಸಂಜೆ ಆರೆಗಾನ್ ರಾಜ್ಯದ ಮೆಕ್‌ಮಿನ್‌ವಿಲ್ ಹತ್ತಿರ ಪಾಲ್ ಟ್ರೆಂಟ್ ಅನ್ನುವ ರೈತ ತಮ್ಮ ಹೊಲದಲ್ಲಿ ತಟ್ಟೆಯಂಥ ವಸ್ತುವಿನ ಎರಡು ಫೋಟೋ ತೆಗೆದರು. ಅವರೂ ನಮ್ಮ ಅಪ್ಪನ ಹಾಗೆ ಉಳಿದ ಫ್ರೇಮ್ ಮುಗಿಯಲಿ ಅಂತ ಕಾದು ಆಮೇಲೆ ರೋಲ್ ತೊಳೆಸಿದರು. ನೆಗೆಟಿವ್ ಪತ್ರಿಕೆಯವರ ಕೈಗೆ ಹೋಗಿ ವರ್ಷಗಟ್ಟಲೆ ಕಾಣೆಯಾಗಿತ್ತು. 1966ರಲ್ಲಿ ವಾಯುಪಡೆ ಹಣ ಕೊಟ್ಟು ಕೊಲರಾಡೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ಕೈಯಲ್ಲಿ ಸ್ವತಂತ್ರ ಅಧ್ಯಯನ ಶುರು ಮಾಡಿಸಿತು. ಆ ತಂಡದ ವಿಲಿಯಂ ಹಾರ್ಟ್‌ಮನ್ ನೆಗೆಟಿವ್ ನೋಡಿ, ಮಂಜಿನಲ್ಲಿ ದೂರದ ವಸ್ತು ಎಷ್ಟು ಪೇಲವವಾಗಿ ಕಾಣುತ್ತದೆ ಅನ್ನುವ ಲೆಕ್ಕ ಹಿಡಿದು ಅಳೆದರು. ವಸ್ತು ದೂರದಲ್ಲಿರಬಹುದು ಅನ್ನುವ ಕಡೆಗೆ ಲೆಕ್ಕ ಬಂತು. ಆಮೇಲೆ ಬಂದವರು ಅದೇ ಫೋಟೋದಲ್ಲಿ ಮೇಲೆ ಹಾದುಹೋಗುವ ತಂತಿ ತೋರಿಸಿ, ಚಿಕ್ಕ ವಸ್ತುವನ್ನು ಅದಕ್ಕೆ ತೂಗುಹಾಕಿರಬಹುದು ಅಂದರು. ಸೂರಿನ ಕೆಳಗಿನ ನೆರಳು ಸಂಜೆಯದ್ದಲ್ಲ, ಬೆಳಗಿನದ್ದು ಅಂದರು. ಇವತ್ತಿಗೂ ಎರಡು ಪಕ್ಷ ಇದೆ. ವಾದ ಮಾಡುವುದಕ್ಕಾದರೂ ಆಗುತ್ತಿರುವುದು ನೆಗೆಟಿವ್ ಉಳಿದಿರುವುದರಿಂದ. ಯಾರಾದರೂ ಅದಕ್ಕೆ ಏಳು ಕಿಟಕಿ ಬರೆದಿದ್ದರೆ ಅಲ್ಲಿಗೆ ಎಲ್ಲ ಮುಗಿದುಹೋಗುತ್ತಿತ್ತು.

ತಜ್ಞರು ನೋಡಿದ ಮಾತ್ರಕ್ಕೂ ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. 1952ರ ಜುಲೈ 2ರಂದು ಯೂಟಾದ ಟ್ರೆಮಾಂಟನ್ ಹತ್ತಿರ ನೌಕಾಪಡೆಯ ಡೆಲ್ಬರ್ಟ್ ನ್ಯೂಹೌಸ್ ಆಕಾಶದ ಬೆಳ್ಳಗಿನ ಚುಕ್ಕಿಗಳ ಚಲನಚಿತ್ರ ತೆಗೆದರು. ನೌಕಾಪಡೆಯ ಲ್ಯಾಬು ಅದರ ಮೇಲೆ ಸುಮಾರು ಸಾವಿರ ಗಂಟೆ ಕೆಲಸ ಮಾಡಿ, ಇವು ಹಕ್ಕಿಯೂ ಅಲ್ಲ ವಿಮಾನವೂ ಅಲ್ಲ ಅಂದಿತು. 1953ರ ಜನವರಿಯಲ್ಲಿ ಸೇರಿದ ವಿಜ್ಞಾನಿಗಳ ಸಮಿತಿ ಅದನ್ನೇ ನೋಡಿ, ಬಿಸಿಲಿಗೆ ಹೊಳೆಯುವ ಕಡಲಹಕ್ಕಿ ಅಂದಿತು.

ನಮ್ಮ ಸೇನೆಗೂ ಇಂಥ ಪರೀಕ್ಷೆ ಬಂದಿದೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್‌ನ ಪಾಂಗಾಂಗ್ ಸರೋವರದ ಹತ್ತಿರ ಕಾವಲಿದ್ದ ಯೋಧರು ಹೊಳೆಯುವ ವಸ್ತುಗಳನ್ನು 329 ಸಲ ದಾಖಲಿಸಿದರು. 155 ಸಲ ಗಡಿ ರೇಖೆ ದಾಟಿ ಬಂದ ಹಾಗೆ ಕಂಡಿತ್ತು. ಚೀನಾದ ಡ್ರೋನ್ ಇರಬಹುದು ಅನ್ನುವ ಅನುಮಾನ. ಸೇನೆ ಕರೆಸಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು. ಲಡಾಖ್‌ನ ಹಾನ್ಲೆಯಲ್ಲಿರುವ ಇವರ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ಕೋಲಾರಕ್ಕೆ ಹೋಗುವ ದಾರಿಯ ಹೊಸಕೋಟೆಯಲ್ಲಿ ಕೂತು. ಯಾವ ಹೊತ್ತಿಗೆ ಎಲ್ಲಿ ಕಂಡಿತು ಅಂತ ಸರಿಯಾಗಿ ಬರೆದು ನೋಡಿದಾಗ, ಅವು ನಕ್ಷತ್ರಗಳ ಜೊತೆಗೇ ಸರಿಯುತ್ತಿದ್ದವು. ಗುರು ಮತ್ತು ಶುಕ್ರ. ಆ ಯೋಧರನ್ನು ನೋಡಿ ನಗುವ ಹಾಗಿಲ್ಲ. ಅಷ್ಟು ಎತ್ತರದ ತಿಳಿ ಗಾಳಿಯಲ್ಲಿ ಶುಕ್ರ ಎಷ್ಟು ಹೊಳೆಯುತ್ತದೆ ಅಂತ ಯೋಚಿಸಿ. ಕಂಡಿದ್ದನ್ನು ಕಂಡ ಹಾಗೆ 329 ಸಲ ಬರೆದಿಟ್ಟರಲ್ಲ, ಅದರಿಂದಲೇ ಉತ್ತರ ಸಿಕ್ಕಿದ್ದು.

ಮತ್ತೆ ಸ್ಟುಡಿಯೋಗೆ ಬರುತ್ತೇನೆ. ಉತ್ತರ ಗೊತ್ತಾದ ಮೇಲೆ ನನಗಿದ್ದ ಚಿಂತೆ ಒಂದೇ, ಅಪ್ಪನಿಗೆ ಹೇಳುವುದು ಹೇಗೆ. 1966ರ ಮಾರ್ಚ್‌ನಲ್ಲಿ ಮಿಚಿಗನ್‌ನಲ್ಲಿ ಜನ ಬೆಳಕು ಕಂಡಾಗ ವಾಯುಪಡೆಯ ಖಗೋಳ ಸಲಹೆಗಾರ ಅಲೆನ್ ಹೈನೆಕ್ ಪತ್ರಕರ್ತರ ಮುಂದೆ ಜೌಗಿನ ಅನಿಲ ಇರಬಹುದು ಅಂದಿದ್ದರು. ನೋಡಿದ ಜನಕ್ಕೆ ಅದು ಅವಮಾನವಾಯಿತು. ಹೈನೆಕ್ ಕೂಡ ಆಮೇಲೆ ಬ್ಲೂ ಬುಕ್‌ನ ಅವಸರದ ತೀರ್ಮಾನಗಳನ್ನು ಟೀಕಿಸಿದರು. ಅಪ್ಪನಿಗೆ ನಾನು ಅಂಥ ಉತ್ತರ ಕೊಡಬಾರದು ಅನ್ನಿಸಿತು. ಮಾಲೀಕರಿಗೆ ಇದನ್ನೇ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ನೀವು ಏನೂ ಹೇಳಬೇಡಿ ಮೇಡಂ. ಎರಡೂ ಫ್ರೇಮ್ ದೊಡ್ಡದಾಗಿ ಹಾಕಿಕೊಡ್ತೀನಿ. ಒಂದು ಸ್ಕೇಲ್ ಕೊಡಿ. ಕ್ಯಾಮೆರಾ ಹಿಡಿದವರು ಅವರು, ನೋಡ್ಕೊಳ್ತಾರೆ” ಅಂದರು.

ಖರ್ಚಿನ ವಿಷಯ. ಸ್ಕ್ಯಾನ್‌ಗೆ ಫ್ರೇಮಿಗೆ 60 ರೂಪಾಯಿ, ಹನ್ನೆರಡಕ್ಕೆ 720. ಕ್ಲೀನಿಂಗ್‌ಗೆ ಒಟ್ಟು 100. ಹನ್ನೆರಡು ಇಂಚು ಚೌಕದ ಪ್ರಿಂಟ್ ಒಂದಕ್ಕೆ 350. ಪೆನ್‌ಡ್ರೈವ್ ನಾವೇ ಒಯ್ಯಬೇಕು, 8 ಜಿಬಿ ಸಾಕು. ಕೈಮುಟ್ಟದ ಮೂಲ ಸ್ಕ್ಯಾನ್ ಒಂದು ಫೋಲ್ಡರ್, ಮೊಬೈಲಿಗೆ ಕಳಿಸಲು ಚಿಕ್ಕದು ಇನ್ನೊಂದು ಫೋಲ್ಡರ್ ಮಾಡಿಕೊಡುತ್ತಾರೆ. ಮುಖ ಬೆಳ್ಳಗೆ ಮಾಡಿ, ಬಣ್ಣ ತುಂಬಿ ಅಂತ ಕೇಳಿದರೆ ಬೇರೆ ಫೈಲಿನಲ್ಲಿ ಮಾಡುತ್ತಾರೆ, ಹೆಸರಿನಲ್ಲೇ ‘ತಿದ್ದಿದ್ದು’ ಅಂತ ಬರೆಯುತ್ತಾರೆ. ಅದೊಂದು ಪದಕ್ಕೆ ನಾನು ಎಷ್ಟು ಬೇಕಾದರೂ ಹೊಗಳುತ್ತೇನೆ. ನೆಗೆಟಿವನ್ನು ಹೊಸ ಕವರಿನಲ್ಲಿ ಹಾಕಿ, ರೋಲ್‌ನ ವರ್ಷ, ಜಾಗ ಬರೆದು ವಾಪಸ್ ಕೊಟ್ಟರು. ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ತೆರೆದಿರುತ್ತದೆ. ಅವಸರದ ಕೆಲಸ ಇದ್ದವರು ಹೋಗಬೇಡಿ. ನೆಗೆಟಿವನ್ನು ನೀವೇ ಮನೆಯಲ್ಲಿ ಬಟ್ಟೆಯಿಂದ ಒರೆಸಿ ಒಯ್ಯಲೂ ಬೇಡಿ, ಗೀರು ಬಿದ್ದರೆ ಅವರೂ ಏನೂ ಮಾಡಲಾರರು.

ಆ ರಾತ್ರಿ ಊಟ ಆದ ಮೇಲೆ ಎರಡು ಪ್ರಿಂಟ್‌ನ್ನೂ ಅಪ್ಪನ ಮುಂದೆ ಟೇಬಲ್ ಮೇಲೆ ಇಟ್ಟೆ. ಪಕ್ಕದಲ್ಲಿ ಮಗನ ಜಾಮೆಟ್ರಿ ಬಾಕ್ಸಿನ ಸ್ಕೇಲ್ ಇಟ್ಟು, ಸೂರ್ಯ ಮತ್ತು ನಡುಬಿಂದು ತೋರಿಸಿದೆ. ಉಳಿದಿದ್ದು ಅಪ್ಪನೇ ಮಾಡಿದರು. ಮೊದಲ ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಕನ್ನಡಕ ಸರಿ ಮಾಡಿಕೊಂಡರು. ಎರಡನೆಯದರ ಮೇಲೂ ಇಟ್ಟರು. ಮತ್ತೆ ಮೊದಲನೆಯದಕ್ಕೆ ಬಂದರು. “ಹೌದಲ್ವಾ, ಸೂರ್ಯ” ಅಂದರು. ದನಿಯಲ್ಲಿ ಬೇಸರ ಇರಲಿಲ್ಲ. ಲೆಕ್ಕ ತಾಳೆಯಾದಾಗ ಹೇಳುವ ದನಿ ಅದು.

ಆಮೇಲೆ ಅವರ ಬೆರಳು ಎಡಕ್ಕೆ ಸರಿದು ಮಫ್ಲರಿನವರ ಮೇಲೆ ನಿಂತಿತು. ಅವರು ಈಗ ಚಿಂತಾಮಣಿಯಲ್ಲಿದ್ದಾರೆ, ಎಂಬತ್ತು ಆಗಿದೆ. ಅಪ್ಪ ಹೊತ್ತು ಎಷ್ಟಾಗಿದೆ ಅಂತಲೂ ನೋಡದೆ ಫೋನ್ ಮಾಡಿಸಿದರು.

“ಲೋ, ಮಲಗಿದ್ಯೇನೋ? ನಂದಿ ಬೆಟ್ಟದ ಫೋಟೋ ಸಿಕ್ತು ಕಣೋ. ನೀನೂ ಇದೀಯ. ಫ್ಲಾಸ್ಕ್ ಹಿಡ್ಕೊಂಡು ನಿಂತಿದೀಯ.”

ಮಾರನೇ ದಿನ ನಾನು ಮತ್ತೆ ಆ ಮೆಟ್ಟಿಲು ಹತ್ತಿ ಇನ್ನೊಂದು ಪ್ರಿಂಟಿಗೆ 350 ರೂಪಾಯಿ ಕೊಟ್ಟು ಬಂದೆ. ಅದು ಚಿಂತಾಮಣಿಗೆ.